ಪಕ್ಕದ ಮಳಿಗೆ

ಪೊಳ್ಳಾಚಿಯ ಸಮೀಪದ ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕೊಯಮತ್ತೂರು ಸೀಮೆಯ ಕೈಮಗ್ಗ ನೇಕಾರರಲ್ಲಿ ದೇವಾಂಗರು ಅನೇಕರು. ಮನೆಯೊಳಗೆ ಕನ್ನಡ, ಓದುಬರಹಕ್ಕೆ ತಮಿಳು. ಅಂಥದೊಂದು ಮನೆಯಲ್ಲಿ ಆಡಿ ಮಾಸ ಕಳೆಯುತ್ತಲೇ ಚರ್ಚೆ ಆರಂಭವಾಗುತ್ತದೆ: ದೀಪಾವಳಿಗೆ ಮುನ್ನ ಯಾವ ಮೇಳಕ್ಕೆ ಹೋಗುವುದು?

ಈ ಬಾರಿ ಎರಡು ಅರ್ಜಿಗಳಿದ್ದವು. ಒಂದು ಕೊಯಮತ್ತೂರಿನ ದೊಡ್ಡ ವಸ್ತುಪ್ರದರ್ಶನದ್ದು, ಇನ್ನೊಂದು ಬೆಂಗಳೂರಿನ ಚಿಕ್ಕ ಕೈಮಗ್ಗ ಮೇಳದ್ದು. ಗಂಡನ ಒಲವು ಮೊದಲನೆಯದರ ಕಡೆಗೆ. ಊರಿಗೆ ಹತ್ತಿರ, ಜನಸಂದಣಿಯೂ ಖಚಿತ. ಹೆಂಡತಿ ಮಾತ್ರ, “ಜನ ಎಷ್ಟು ಬರ್ತಾರೆ ಅನ್ನೋದಿರಲಿ, ಪಕ್ಕದ ಮಳಿಗೆಯಲ್ಲಿ ಯಾರು ಕೂರ್ತಾರೆ ಕೇಳಿ” ಎಂದರು.

ಆ ಮಾತಿನ ಹಿಂದೆ ಹೋದ ವರ್ಷದ ಪೆಟ್ಟಿತ್ತು. ಒಂದು ಮೇಳದಲ್ಲಿ ಪಕ್ಕದವರು ವಿದ್ಯುತ್ ಮಗ್ಗದ ಸೀರೆಗಳನ್ನು ಕೈಮಗ್ಗದ್ದೆಂಬ ಫಲಕದಡಿ ಮಾರಿದ್ದರು. ವಿದ್ಯುತ್ ಮಗ್ಗವನ್ನು ಹಳಿಯುವುದು ಸಲ್ಲ. ಪಲ್ಲಡಂ, ಸೋಮನೂರುಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಸುಳ್ಳಿದ್ದುದು ಫಲಕದಲ್ಲಿ. ಗಿರಾಕಿಗಳು ಎರಡೂ ಸೀರೆಗಳನ್ನು ಮುಟ್ಟಿ, ದರ ಕೇಳಿ, ಇವರನ್ನೇ ಮೋಸಗಾರರಂತೆ ಕಂಡರು. ಮೂರನೆಯ ದಿನ, ನೂಲಿನ ಸಾಲ ನೆನೆದು, ಇವರೂ ದರ ಇಳಿಸಿದರು. ಒಮ್ಮೆ ಇಳಿದ ದರವನ್ನು ಗಿರಾಕಿ ಮರುವರ್ಷವೂ ಮರೆಯುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯ್ದೆಯನ್ನು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಎತ್ತಿಹಿಡಿದಿದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಡಿ ನೇಕಾರರು ಅಧಿಕೃತ ಬಳಕೆದಾರರಾಗಿ ತಮ್ಮ ಹೆಸರನ್ನೇ ನೋಂದಾಯಿಸಿಕೊಳ್ಳಬಹುದು. ನೋಂದಣಿ ಕಚೇರಿ ಚೆನ್ನೈಯಲ್ಲೇ ಇದೆ. ಸೀರೆಗೆ ಮಾನ್ಯತೆ ಬಂದಿತೆಂದು ಅಷ್ಟಕ್ಕೇ ಸುಮ್ಮನಿರುವುದು ಜಾಣತನವಲ್ಲ. ಆದರೆ ದೂರು, ತಪಾಸಣೆ, ವಿಚಾರಣೆಗಳು ಮುಗಿಯುವವರೆಗೆ ಹತ್ತು ದಿನದ ಮೇಳ ಕಾಯುವುದೇ? ಅರ್ಜಿಯ ಷರತ್ತುಗಳನ್ನು ಹಣ ಕಟ್ಟುವ ಮೊದಲೇ ಓದಬೇಕು. 2006ರಿಂದ ಜಾರಿಯಲ್ಲಿರುವ ಕೈಮಗ್ಗ ಮುದ್ರೆಯನ್ನು ಕೇಳುತ್ತಾರೆಯೇ? ಸುಳ್ಳು ಸರಕು ಸಿಕ್ಕರೆ ಮಳಿಗೆ ತೆರವು ಮಾಡಿಸುವರೇ? ಬೆಂಗಳೂರಿನ ಅರ್ಜಿಯಲ್ಲಿ ಇವೆರಡೂ ಇದ್ದವು. ಕೊಯಮತ್ತೂರಿನದರಲ್ಲಿ ಬಾಡಿಗೆಯ ಮೊತ್ತ ಮಾತ್ರ ದಪ್ಪಕ್ಷರದಲ್ಲಿತ್ತು.

ಆದರೂ ಬೆಂಗಳೂರು ಅಗ್ಗವಲ್ಲ. ಪ್ರಯಾಣ ಸೇರಿ ಹನ್ನೆರಡು ದಿನ. ಎರಡು ದಿನಕ್ಕೊಂದು ಸೀರೆ ಎಂದಿಟ್ಟುಕೊಂಡರೂ, ಇಬ್ಬರೂ ಹೊರಟರೆ ಆರು ಸೀರೆ ನೇಯದೆ ಉಳಿಯುತ್ತವೆ. ಮಳಿಗೆ ಬಾಡಿಗೆಯ ರಸೀದಿಯಲ್ಲಿ ಈ ನಷ್ಟ ಕಾಣುವುದಿಲ್ಲ. ಕಡೆಗೆ ಗಂಡ ಮಗ್ಗದಲ್ಲಿ ಉಳಿದರು. ಹೆಂಡತಿ ನಾದಿನಿಯನ್ನು ಜೊತೆ ಮಾಡಿಕೊಂಡು ಇಪ್ಪತ್ತು ಸೀರೆಗಳೊಡನೆ ರೈಲು ಹತ್ತಿದರು.

ಮೊದಲ ದಿನ ಮಧ್ಯಾಹ್ನದವರೆಗೆ ಒಂದೂ ವ್ಯಾಪಾರವಾಗಲಿಲ್ಲ. ಆಮೇಲೆ ಬಂದ ವೃದ್ಧೆಯೊಬ್ಬರು ದರ ಕೇಳಿದರು, ಉತ್ತರ ಕೇಳಿ ಕತ್ತೆತ್ತಿ, “ಇದು ಯಾವೂರ ಕನ್ನಡವಮ್ಮಾ?” ಎಂದರು. ಊರಿನಲ್ಲಿ ಹೊಸಿಲು ದಾಟದ ಆ ಭಾಷೆಯಲ್ಲಿಯೇ ನೆಗಮಂ ಎಲ್ಲಿದೆ, ಸೆರಗು ಹೇಗೆ ನೇಯುತ್ತಾರೆ ಎಂಬುದನ್ನೆಲ್ಲ ಹೇಳುತ್ತ ಅವರು ಸೀರೆಯ ಮಡಿಕೆ ಬಿಚ್ಚಿದರು. ದರ ಇಳಿಸಲಿಲ್ಲ.