ಅವಸರದ ನದಿ, ನಿಧಾನದ ದೋಣಿ

ಫ್ರಾನ್ಸಿನ ನಕ್ಷೆ ಹರಡಿಕೊಂಡು ಆರ್ದೆಷ್ ನದಿಯನ್ನು ಹುಡುಕಲು ಸ್ವಲ್ಪ ಹೊತ್ತು ಬೇಕು. ದೇಶದ ದಕ್ಷಿಣ ಭಾಗದಲ್ಲಿ, ಮಾಸಿಫ್ ಸಂತ್ರಾಲ್ ಎಂಬ ಮಲೆಸೀಮೆ ಪೂರ್ವಕ್ಕೆ ತಿರುಗಿ ರೋನ್ ನದಿಯ ಕಣಿವೆಗೆ ಇಳಿಯುವ ಕಡೆ, ಒಂದು ಬೆರಳಿಟ್ಟರೆ ಮುಚ್ಚಿಹೋಗುವ ನೀಲಿ ಗೆರೆ ಅದು. ಉದ್ದ ಸುಮಾರು 125 ಕಿಲೋಮೀಟರ್. ಅದೇ ಮಲೆಯ ನೆತ್ತಿಯ ಮೇಲೆ, ತೀರಾ ದೂರವೇನಲ್ಲದ ಜೆರ್ಬಿಯೇ ದ ಜೋಂ ಗುಡ್ಡದ ಬುಡದಲ್ಲಿ, ಫ್ರಾನ್ಸಿನ ಅತಿ ಉದ್ದದ ನದಿ ಲ್ವಾರ್ ಹುಟ್ಟುತ್ತದೆ. ಅದು ಉತ್ತರಕ್ಕೆ ಹೊರಟು, ಪಶ್ಚಿಮಕ್ಕೆ ಹೊರಳಿ, ಅರಮನೆಗಳನ್ನೂ ದೊಡ್ಡ ಊರುಗಳನ್ನೂ ಮಾತಾಡಿಸುತ್ತ, ಸಾವಿರ ಕಿಲೋಮೀಟರ್ ನಡೆದು ಅಟ್ಲಾಂಟಿಕ್ ಸೇರುತ್ತದೆ. ಆರ್ದೆಷ್‌ಗೆ ಅಷ್ಟು ತಾಳ್ಮೆಯಿಲ್ಲ. ಮಜಾಂ ಕಾಡಿನಲ್ಲಿ, 1,400 ಮೀಟರಿಗೂ ಎತ್ತರದಲ್ಲಿ ಕಣ್ಣು ಬಿಟ್ಟು, ಮರುಕ್ಷಣವೇ ಕೆಳಕ್ಕೆ ಧುಮುಕಲು ಶುರುಮಾಡುತ್ತದೆ. ಅದಕ್ಕೆ ಮೆಡಿಟರೇನಿಯನ್ ಕಡೆಯ ಸೆಳೆತ.

ಈ ಎರಡು ನದಿಗಳ ನಡುವೆ ಒಂದು ಗುಟ್ಟಿನ ಕೊಡುಕೊಳೆ ಇದೆ. ಲ್ವಾರ್‌ನ ತಲೆಹೊಳೆಗಳಿಗೆ ಮೇಲೆಯೇ ಅಣೆಕಟ್ಟು ಕಟ್ಟಿ, ಆ ನೀರನ್ನು ಬೆಟ್ಟದೊಳಗಿನ ಸುರಂಗದಲ್ಲಿ ಹಾಯಿಸಿ, ಮೊಂಪೆಜಾ ಎಂಬಲ್ಲಿ ನೆಲದಡಿಯ ವಿದ್ಯುದಾಗಾರಕ್ಕೆ ಬೀಳಿಸುತ್ತಾರೆ. 1954ರಿಂದ ನಡೆದಿರುವ ಕೆಲಸ ಇದು. ವಿದ್ಯುತ್ತು ಕೊಟ್ಟ ನೀರು ಮರಳಿ ಲ್ವಾರ್‌ಗೆ ಹೋಗದೆ ಫೋಂತೊಲಿಯೇರ್ ಎಂಬ ಉಪನದಿಯ ಮೂಲಕ ಆರ್ದೆಷ್ ಸೇರುತ್ತದೆ. ಬೇಸಿಗೆಯಲ್ಲಿ ಕೆಳಗಿನ ಕಣಿವೆಯಲ್ಲಿ ದೋಣಿ ತೇಲುವಷ್ಟು ನೀರು ಉಳಿಯುವುದಕ್ಕೆ ಅಟ್ಲಾಂಟಿಕ್‌ಗೆ ಹೋಗಬೇಕಿದ್ದ ಈ ನೀರಿನ ನೆರವೂ ಇದೆ. ಹುಟ್ಟು ಹಾಕುವಾಗ ಅಂಗೈಗೆ ಸಿಡಿಯುವ ಹನಿ ಯಾವ ಕಡಲಿಗೆಂದು ಹೊರಟದ್ದೋ ಎಂದು ಯೋಚಿಸುವುದೇ ನನಗೊಂದು ಸುಖ.

ಮೇಲಿನ ಕಣಿವೆ ಬೆಂಕಿ ಮಾಡಿದ ನೆಲ. ತಣ್ಣಗಾದ ಜ್ವಾಲಾಮುಖಿಗಳ ಸೀಮೆ. ತುಯೆ ಎಂಬ ಊರಿನ ಕೆಳಗೆ ಲಾವಾ ಆರಿ, ಬಿರಿದು, ಕಪ್ಪು ಬಸಾಲ್ಟ್ ಕಂಬಗಳ ಗೋಡೆಯಾಗಿ ನಿಂತಿದೆ. ಅದರಾಚೆ ಇಳಿಜಾರುಗಳಲ್ಲೆಲ್ಲ ಚೆಸ್ಟ್‌ನಟ್ ತೋಪು. ಬಡ ಬೆಟ್ಟದ ಜನ ಶತಮಾನಗಳ ಕಾಲ ಅದರ ಹಿಟ್ಟು ತಿಂದು ಬದುಕಿದರು. ಒಬೆನಾ ದಾಟಿದ ಮೇಲೆ ಕಲ್ಲಿನ ಬಣ್ಣವೇ ಬದಲಾಗುತ್ತದೆ. ಕಪ್ಪು ಹೋಗಿ ಬಿಳಿ ಸುಣ್ಣಕಲ್ಲು ಬರುತ್ತದೆ. ಬೆಳಕು ಕಣ್ಣು ಕುಕ್ಕುತ್ತದೆ, ಸಿಕಾಡಗಳ ಸದ್ದು ಏರುತ್ತದೆ, ದಕ್ಷಿಣ ಬಂತೆಂದು ಮೈಗೇ ತಿಳಿಯುತ್ತದೆ. ವೋಗ್ಯುವೆಯ ಕೋಟೆಮನೆ, ಬಂಡೆಯ ಅಂಚಿಗೆ ಅಂಟಿಕೊಂಡ ಬಲಜೂಕ್ ಊರು, ಎರಡೂ ನೀರಿನಲ್ಲಿ ಮುಖ ನೋಡಿಕೊಳ್ಳುತ್ತ ಕೂತಿವೆ. ಬಲಜೂಕ್‌ನ ಓಣಿಗಳು ಎಷ್ಟು ಕಿರಿದೆಂದರೆ ಎದುರು ಬಂದವರಿಗೆ ಗೋಡೆಗೊರಗಿ ದಾರಿ ಬಿಡಬೇಕು. ಈ ಪುಟ್ಟ ಊರಿನ ಕಥೆಗೆ ಜಾನ್ ಮೆರಿಮನ್ ಎಂಬ ಅಮೆರಿಕದ ಇತಿಹಾಸಕಾರ ಒಂದಿಡೀ ಪುಸ್ತಕವನ್ನೇ ಕೊಟ್ಟರು. ಅಲ್ಲಿ ಒಂದು ಸಂಜೆ ಕೂತವರಿಗೆ ಅವರ ಅಕ್ಕರೆ ಅರ್ಥವಾಗುತ್ತದೆ.

ಆದರೆ ಆರ್ದೆಷ್ ಎಂದರೆ ಎಲ್ಲರ ಕಣ್ಣಮುಂದೆ ಬರುವುದು ಪೋಂ ದಾರ್ಕ್. ವಾಲೋಂ ಊರಿನಿಂದ ಸ್ವಲ್ಪ ಕೆಳಗೆ, ನದಿಯ ಮೇಲೆ ಅಡ್ಡವಾಗಿ ನಿಂತ ಕಲ್ಲಿನ ಕಮಾನು. ಎತ್ತರ 54 ಮೀಟರ್, ಅಗಲ ಸುಮಾರು 60 ಮೀಟರ್. ಯಾವ ಮನುಷ್ಯನೂ ಕಟ್ಟಿದ್ದಲ್ಲ. ಒಂದು ಕಾಲದಲ್ಲಿ ನದಿ ಇಲ್ಲಿ ಗುಡ್ಡವನ್ನು ಬಳಸಿ ದೊಡ್ಡ ಸುತ್ತು ಹಾಕಿ ಬರುತ್ತಿತ್ತು. ಸುತ್ತಿನ ಎರಡು ತುದಿಗಳ ನಡುವೆ ಉಳಿದಿದ್ದದ್ದು ತೆಳ್ಳನೆಯ ಬಂಡೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಕಲ್ಲನ್ನು ಕರಗಿಸಿತು, ನೆರೆ ಬಂದಾಗಲೆಲ್ಲ ತೂತು ಹಿಗ್ಗಿತು, ಕಡೆಗೊಂದು ದಿನ ನದಿ ಸುತ್ತುದಾರಿಯನ್ನೇ ಬಿಟ್ಟು ಬಂಡೆಯೊಳಗಿಂದ ನೇರ ಹೊರಟಿತು. ಅದು ತೊರೆದ ಹಳೆಯ ದಾರಿ ಈಗಲೂ ಹಾಗೇ ಇದೆ, ಬೆಟ್ಟಗಳ ನಡುವೆ ಬಾಗಿದ ಒಣ ಬಯಲಾಗಿ. ಅಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಜನ ಕಮಾನಿನ ಕೆಳಗೆ ನಿಂತು ಚಿತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ನಾನಾದರೆ ಆ ದ್ರಾಕ್ಷಿ ಬಯಲಿನಲ್ಲಿ ಒಂದು ಸುತ್ತು ನಡೆದು ಬನ್ನಿ ಎನ್ನುತ್ತೇನೆ. ನದಿಯಿಲ್ಲದ ನದೀಪಾತ್ರದಲ್ಲಿ ನಡೆದ ಮೇಲೆಯೇ ಕಮಾನಿನ ನಿಜವಾದ ಬೆಲೆ ತಿಳಿಯುವುದು.

ಆ ಬಯಲನ್ನು ನೋಡುತ್ತ ನಿಂತ ಬಂಡೆಗೋಡೆಯಲ್ಲೇ ಶೋವೆ ಗುಹೆ ಇದೆ. 1994ರ ಡಿಸೆಂಬರ್ 18ರಂದು ಜಾಂ-ಮರಿ ಶೋವೆ, ಎಲಿಯೆತ್ ಬ್ರುನೆಲ್, ಕ್ರಿಸ್ತಿಯಾಂ ಇಲೇರ್ ಎಂಬ ಮೂವರು ಗುಹಾಸಕ್ತರು ಕಲ್ಲುಗಳ ಸಂದಿಯಿಂದ ತಣ್ಣನೆಯ ಗಾಳಿ ಸುಳಿಯುವುದನ್ನು ಗಮನಿಸಿ, ಕಲ್ಲು ಸರಿಸಿ, ತೆವಳಿ ಒಳಗಿಳಿದರು. ಅವರ ದೀಪಕ್ಕೆ ಸಿಂಹಗಳು ಕಂಡವು. ಘೇಂಡಾಮೃಗಗಳು, ಮ್ಯಾಮತ್‌ಗಳು, ಒಂದರ ಪಕ್ಕ ಒಂದು ಕತ್ತು ಚಾಚಿದ ಕುದುರೆಗಳು. ಒಟ್ಟು 400ಕ್ಕೂ ಹೆಚ್ಚು ಪ್ರಾಣಿಗಳು. ಅವುಗಳಲ್ಲಿ ಅತಿ ಹಳೆಯವಕ್ಕೆ ಸುಮಾರು 36,000 ವರ್ಷ. ಗುಹೆಯ ಬಾಯಿ ಬಹುಕಾಲದ ಹಿಂದೆಯೇ ಕುಸಿದು ಮುಚ್ಚಿಹೋಗಿದ್ದರಿಂದ ಇದ್ದಿಲಿನ ಗೆರೆ, ಕರಡಿಯ ಹೆಜ್ಜೆ, ಕಲ್ಲಿನ ಮೇಲೆ ಯಾರೋ ಇಟ್ಟ ಕರಡಿಯ ತಲೆಬುರುಡೆ, ಎಲ್ಲವೂ ಇದ್ದಂತೆಯೇ ಇದ್ದವು. ಆ ಚಿತ್ರಗಾರರ ಕಾಲಕ್ಕಾಗಲೇ ಪೋಂ ದಾರ್ಕ್ ಕಮಾನು ನಿಂತಿತ್ತು. ಅವರು ಗುಹೆಯಿಂದ ಹೊರಗೆ ಬಂದಾಗ ಕಂಡದ್ದೂ ಇದೇ ಕಮಾನು ಎಂಬುದನ್ನು ಅಲ್ಲಿ ನಿಂತು ನೆನೆದರೆ ಮೈ ಜುಂ ಎನ್ನುತ್ತದೆ.

ಈ ಗುಹೆಯನ್ನು ಸಾರ್ವಜನಿಕರಿಗೆ ಎಂದೂ ತೆರೆದಿಲ್ಲ, ತೆರೆಯಬಾರದು ಕೂಡ. ದೊರ್ದೋಂಯ್ ಸೀಮೆಯ ಲಾಸ್ಕೋ ಗುಹೆಯ ಚಿತ್ರಗಳು ನೋಡಬಂದವರ ಉಸಿರಿನ ತೇವದಿಂದಲೇ ಕೆಡತೊಡಗಿ, ಅದನ್ನು 1963ರಲ್ಲಿ ಮುಚ್ಚಬೇಕಾಯಿತು. ಆ ಪಾಠ ಇಲ್ಲಿ ಮೊದಲ ದಿನದಿಂದಲೇ ನೆನಪಿತ್ತು. 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಗುಹೆಯೊಳಗೆ ಈಗ ಸಂಶೋಧಕರಿಗಷ್ಟೇ, ಅದೂ ಅಳೆದು ತೂಗಿ, ಪ್ರವೇಶ. ಉಳಿದವರಿಗಾಗಿ ಹತ್ತಿರದ ದಿಬ್ಬದ ಮೇಲೆ ಅದರ ಪ್ರತಿಕೃತಿ ಕಟ್ಟಿ 2015ರಲ್ಲಿ ತೆರೆದರು. ಪ್ರತಿಕೃತಿ ಎಂದು ಮೂಗು ಮುರಿಯುವವರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಅಸಲು ಉಳಿಯಲಿ ಎಂದು ನಕಲಿನ ಮುಂದೆ ನಿಲ್ಲಲು ಒಪ್ಪಿದ ಲಕ್ಷಾಂತರ ಜನರ ಸಂಯಮವೂ ಒಂದು ದೊಡ್ಡ ಸಂಗತಿಯೇ.

ಕಮಾನು ದಾಟಿತೆಂದರೆ ಕೊರಕಲು ಶುರು. ವಾಲೋಂನಿಂದ ಸೇಂ-ಮಾರ್ತೇಂವರೆಗೆ ನೀರಿನ ದಾರಿಯಲ್ಲಿ 32 ಕಿಲೋಮೀಟರ್. ಎರಡೂ ಬದಿಗೆ ಬಂಡೆಗೋಡೆ, ಕೆಲವೆಡೆ 300 ಮೀಟರಿನವರೆಗೆ. ಮೇಲಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಇಣುಕಿದರೆ ನದಿ ಹಸಿರು ದಾರವಾಗಿ ಕಾಣುತ್ತದೆ. ನೋಟವೇನೋ ಚೆಂದ, ಆದರೆ ನದಿಯ ಪರಿಚಯ ಆಗುವುದು ಕೆಳಗಿನಿಂದಲೇ. ಬಾಡಿಗೆಯವರು ಪ್ಲಾಸ್ಟಿಕ್ಕಿನ ಕ್ಯಾನೊ ದೋಣಿ, ಹುಟ್ಟು, ತೇಲುಜಾಕೀಟು, ಬಟ್ಟೆ ಬುತ್ತಿ ನೆನೆಯದಂತೆ ಬಿಗಿ ಮುಚ್ಚಳದ ಡಬ್ಬಿ ಕೊಟ್ಟು ನೀರಿಗೆ ತಳ್ಳುತ್ತಾರೆ. ಈಜು ಬಾರದವರಿಗೆ, ಏಳು ವರ್ಷದೊಳಗಿನ ಮಕ್ಕಳಿಗೆ ಅವಕಾಶವಿಲ್ಲ. ಸ್ವಲ್ಪ ದೂರ ಮಡು, ಹುಟ್ಟು ಹಾಕದೆ ದೋಣಿ ಅಲುಗದು. ಮುಂದೆ ನೀರಿನ ಮೊರೆತ ಕೇಳುತ್ತದೆ. ನೋಡನೋಡುತ್ತಿದ್ದಂತೆ ದೋಣಿಯ ಮೂತಿ ಕೆಳಗಾಗಿ, ಬಿಳಿ ನೊರೆಯ ನಡುವೆ ನುಗ್ಗಿ, ಸೊಂಟದವರೆಗೆ ನೆನೆದು ಆಚೆಯ ಮಡುವಿಗೆ ಬಂದು ಬಿದ್ದಿರುತ್ತೇವೆ. ಹೊಳೆಯ ನಡುವೆ ಹಲ್ಲಿನಂತೆ ಎದ್ದ ಕರಿಬಂಡೆಯ ಕಡೆ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು.

ಗಟ್ಟಿಗರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾನು ಎರಡು ದಿನದ ಪಕ್ಷ. ಕೊರಕಲು ತನ್ನನ್ನು ತೋರಿಸುವುದು ಹುಟ್ಟು ಮಡಿಲಲ್ಲಿಟ್ಟು ಸುಮ್ಮನೆ ತೇಲಿದಾಗಲೇ. ಆಗ ಬಂಡೆಯ ಸಂದಿಯಿಂದ ಅಡ್ಡಕ್ಕೆ ಚಾಚಿದ, ಆಳೆತ್ತರವೂ ಇಲ್ಲದ ಜೂನಿಪರ್ ಗಿಡಗಳು ಕಣ್ಣಿಗೆ ಬೀಳುತ್ತವೆ. ಮಣ್ಣಿಲ್ಲ, ನೀರು ಅಪರೂಪ, ಮೇಕೆಗೂ ಕೊಡಲಿಗೂ ಎಟುಕದ ಜಾಗ. ಅಲ್ಲಿ ಅವು ತೀರಾ ನಿಧಾನವಾಗಿ ಬೆಳೆದು ಸಾವಿರ ವರ್ಷ ಮೀರಿ ಬದುಕಿವೆ. ಅದೃಷ್ಟವಿದ್ದರೆ ಬೊನೆಲ್ಲಿ ಹದ್ದು ಮೇಲೆ ಸುತ್ತುತ್ತದೆ. ಫ್ರಾನ್ಸಿನಲ್ಲಿ ಬಲು ವಿರಳವಾದ ಹಕ್ಕಿ ಅದು. ದಡದ ವಿಲೋ ಕೊಂಬೆಗಳನ್ನು ಉಳಿಯಿಂದ ಕೆತ್ತಿದಷ್ಟು ಓರಣವಾಗಿ ಕಡಿದಿದ್ದರೆ ಅದು ಬೀವರ್‌ನ ಕೆಲಸ. ರೋನ್ ಜಲಾನಯನದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಆಪ್ರೋಂ ಎಂಬ ಪುಟ್ಟ ಮೀನು ಕೂಡ ಈ ನದಿಯ ಬೆಣಚುಕಲ್ಲುಗಳ ನಡುವೆ ಬದುಕುತ್ತದೆ. ಹಗಲು ಅದು ಕಲ್ಲಿನ ಬಣ್ಣದಲ್ಲಿ ಕರಗಿಹೋಗಿರುತ್ತದೆ.

ಕೊರಕಲು 1980ರಿಂದ ರಾಷ್ಟ್ರೀಯ ನಿಸರ್ಗಧಾಮ. ದೋಣಿಯಲ್ಲಿ ಹೋದವರು ರಾತ್ರಿ ತಂಗಬಹುದಾದದ್ದು ಗೋ ಮತ್ತು ಗುರ್ನಿಯೇ ಎಂಬ ಎರಡು ಜಾಗಗಳಲ್ಲಿ ಮಾತ್ರ. ಮನಬಂದ ಕಡೆ ಡೇರೆ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಸಂಜೆಯಾಗುತ್ತಲೇ ಕೊನೆಯ ದೋಣಿಗಳೂ ದಡ ಸೇರುತ್ತವೆ. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಕತ್ತಲಾದ ಮೇಲೂ ಬೆಚ್ಚಗಿರುತ್ತದೆ. ಬುತ್ತಿ ಬಿಚ್ಚಿ, ಆಡಿನ ಹಾಲಿನ ಪಿಕೊದೊಂ ಚೀಸನ್ನು ರೊಟ್ಟಿಯೊಡನೆ ತಿನ್ನುತ್ತ, ಬೆನ್ನು ಚಾಚಿ ಮಲಗಿದರೆ ಎರಡು ಗೋಡೆಗಳ ನಡುವಿನ ಆಕಾಶದ ಪಟ್ಟಿ ತುಂಬ ನಕ್ಷತ್ರ. ಇಷ್ಟು ಸುಖದ ನಿದ್ದೆಯನ್ನು ನಾನು ಬೇರೆ ಯಾವ ಊರಿನ ಹೋಟೆಲಿನಲ್ಲೂ ಕಂಡಿಲ್ಲ.

ಇಷ್ಟು ಸೌಮ್ಯವಾದ ನೀರು ಈ ಕಲ್ಲನ್ನು ಕಡಿದದ್ದು ಹೇಗೆ? ಉತ್ತರ ಶರತ್ಕಾಲದಲ್ಲಿದೆ. ಬೇಸಿಗೆಯಲ್ಲಿ ಕಾದ ಮೆಡಿಟರೇನಿಯನ್ ಸಮುದ್ರದ ಮೇಲಿಂದ ತೇವ ಹೊತ್ತ ಗಾಳಿ ಸೆವೆನ್ ಬೆಟ್ಟಸಾಲಿಗೆ ಬಡಿದು, ತಿಂಗಳುಗಳ ಮಳೆ ಒಂದೆರಡು ದಿನದಲ್ಲಿ ಸುರಿದುಬಿಡುತ್ತದೆ. ನದಿ ಚಿಕ್ಕದು, ಇಳಿಜಾರು ಕಡಿದು, ಬೋಮ್ ಮತ್ತು ಶಾಸೆಜಾಕ್ ಉಪನದಿಗಳೂ ಅದೇ ಹೊತ್ತಿಗೆ ತುಂಬಿ ಬರುತ್ತವೆ. ನೀರು ಗಂಟೆಗಳ ಲೆಕ್ಕದಲ್ಲಿ ಏರುತ್ತದೆ. 1890ರ ಸೆಪ್ಟೆಂಬರಿನ ನೆರೆಯನ್ನು ಆ ಸೀಮೆ ಇನ್ನೂ ಮರೆತಿಲ್ಲ. ಸರಾಸರಿ ಹರಿವು ಸೆಕೆಂಡಿಗೆ ಸುಮಾರು 65 ಘನ ಮೀಟರ್ ಇರುವ ಈ ನದಿಯಲ್ಲಿ ಅಂದು 6,000 ಘನ ಮೀಟರಿಗೂ ಹೆಚ್ಚು ಹರಿದಿರಬೇಕೆಂದು ಅಂದಾಜು. ಅಂಥ ನೆರೆಗಳು ಗೋಡೆಯ ಗುಹೆಗಳಲ್ಲಿ ಬಿಟ್ಟುಹೋದ ಮರಳಿನ ಪದರಗಳನ್ನು ಅಗೆದು, ದಾಖಲೆ ಇಲ್ಲದ ಕಾಲದ ಪ್ರವಾಹಗಳನ್ನೂ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಾವು ತೇಲುತ್ತ ಮೆಚ್ಚುವ ನುಣುಪು, ಬಾಗು, ಕಮಾನು ಎಲ್ಲವೂ ಆ ರೌದ್ರದ ದುಡಿಮೆ. ನೀರು ನಿಗದಿತ ಮಟ್ಟ ಮೀರಿದರೆ ದೋಣಿಗಳನ್ನು ನಿಲ್ಲಿಸುತ್ತಾರೆ. ಆಗ ವಾದಕ್ಕಿಳಿಯದೆ ದಡದಲ್ಲೇ ಉಳಿಯಬೇಕು.

ಸೇಂ-ಮಾರ್ತೇಂ ಹತ್ತಿರ ಗೋಡೆಗಳು ಒಮ್ಮೆಗೇ ತೆರೆದುಕೊಂಡು ದ್ರಾಕ್ಷಿ ತೋಟಗಳ ಬಯಲು ಬರುತ್ತದೆ. ಅಲ್ಲಿಂದ ಮುಂದೆ ನದಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಪೋಂ-ಸೇಂತ್-ಎಸ್ಪ್ರಿ ಊರಿನ ಮಧ್ಯಯುಗದ ಸೇತುವೆಗಿಂತ ಸ್ವಲ್ಪ ಮೇಲೆ ಅದು ರೋನ್‌ಗೆ ಸೇರುತ್ತದೆ.

ಹೋಗುವ ಮನಸ್ಸಿದ್ದವರಿಗೆ ಒಂದು ಮಾತು. ಜುಲೈ, ಆಗಸ್ಟ್ ಬೇಡ. ಆಗ ದೋಣಿಗೆ ದೋಣಿ ತಾಗುವಷ್ಟು ಜನ. ಮೇ ಕೊನೆ ಅಥವಾ ಜೂನ್ ಒಳ್ಳೆಯದು. ಕಣಿವೆಗೆ ಪ್ರಯಾಣಿಕರ ರೈಲಿಲ್ಲ, ಮೊಂತೆಲಿಮಾರ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಗೋ ಅಥವಾ ಗುರ್ನಿಯೇಯಲ್ಲಿ ಒಂದು ರಾತ್ರಿಗೆ ಮೊದಲೇ ಜಾಗ ಕಾದಿರಿಸಿ, ತಂದ ಕಸವನ್ನು ಅದೇ ಡಬ್ಬಿಯಲ್ಲಿ ವಾಪಸ್ಸು ತನ್ನಿ, ಮತ್ತು ದಯವಿಟ್ಟು ಒಂದೇ ದಿನದಲ್ಲಿ ಮುಗಿಸಬೇಡಿ.