ಕೆನ್ನೆಯೂ ಖಡ್ಗವೂ

ಬಾದಾಮಿಯ ಬಂಡೆಯ ಮೇಲಣ ಕಪ್ಪೆ ಅರಭಟ್ಟನ ಶಾಸನವು ನಮ್ಮ ಪ್ರಾಂತದ ವಾಚಕರಿಗೆ ಪರಿಚಿತವೇ. ಸಾಧುಗಳಿಗೆ ಸಾಧುವಾಗಿದ್ದು, ಪೀಡಿಸಬಂದವರನ್ನು ಸಹಿಸದ ವೀರನನ್ನು ಅದು ಹೊಗಳುತ್ತದೆ. ಈ ನೆಲದಲ್ಲಿ ಬೆಳೆದ ನಮಗೆ ಆ ನೀತಿ ಸಹಜವಾಗಿಯೇ ತೋರುವುದು. ಅಲ್ಲಿಗೆ ನಾಲ್ಕಾರು ಹರದಾರಿ ದೂರದ ಗುಳೇದಗುಡ್ಡದಲ್ಲಿ 1851ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನ ಪಾದ್ರಿಗಳಾದರೋ ಬೇರೊಂದು ನೀತಿಯ ಗ್ರಂಥವನ್ನು ತಂದರು. ವೈರಿಯನ್ನು ಪ್ರೀತಿಸಬೇಕು, ಹೊಡೆದವನಿಗೆ ಇನ್ನೊಂದು ಕೆನ್ನೆಯನ್ನೂ ತೋರಬೇಕು ಎಂಬುದು ಅದರ ವಿಧಿ.

ಈ ಮಿಶನ್ನಿನ ಪಾದ್ರಿಗಳಲ್ಲಿ ಬಹುಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. 1914ರಲ್ಲಿ ಮಹಾಯುದ್ಧವು ಹೊತ್ತಿಕೊಳ್ಳಲು ಇವರು ಆಂಗ್ಲ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಮಿಶನ್ನಿನ ಜರ್ಮನರಲ್ಲಿ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಮುಂದೆ ಸ್ವದೇಶಕ್ಕೆ ಸಾಗಿಸಲಾಯಿತು. ಹಿಡಿದವರೂ ಕ್ರೈಸ್ತರು, ಸೆರೆಯಾದವರೂ ಕ್ರೈಸ್ತರು; ಉಭಯ ಪಕ್ಷದ ಚರ್ಚುಗಳಲ್ಲಿಯೂ ಜಯಕ್ಕಾಗಿ ಒಬ್ಬನೇ ದೇವರಿಗೆ ಪ್ರಾರ್ಥನೆ! ವೈರಿಯನ್ನು ಪ್ರೀತಿಸಿರೆಂದು ಕಲಿಸಿದ ಗುರುವೇ ವೈರಿಯೆನಿಸಿಕೊಂಡು ಹೋದುದನ್ನು ಇಲ್ಲಿಯ ಕ್ರೈಸ್ತ ಮನೆತನಗಳವರು ಏನೆಂದು ತಿಳಿದುಕೊಂಡಿರಬೇಕು?

ಬೋಧೆಗೂ ನಡತೆಗೂ ಹೊಂದಿಕೆಯಿಲ್ಲವೆಂದು ನಗುವುದು ಸುಲಭ. ಕುರುಕ್ಷೇತ್ರದ ಕಥೆಯನ್ನು ಓದಿದ ನಾನು ನಗಲಾರೆ. ಆರಂಭಕಾಲದ ಆಚಾರ್ಯರಾದ ಟೆರ್ಟುಲಿಯನ್, ಓರಿಜೆನ್ ಮೊದಲಾದವರು ಕ್ರೈಸ್ತನಿಗೆ ರಣವೃತ್ತಿ ಸಲ್ಲದೆಂದೇ ಹೇಳಿದರು. ರೋಮ ಸಾಮ್ರಾಜ್ಯವೇ ಕ್ರೈಸ್ತವಾದ ಮೇಲೆ, ರಾಜ್ಯವನ್ನು ಕಾಯುವವರಾರೆಂಬ ಪ್ರಶ್ನೆ ಎದ್ದಿತು. ಆಗ ಆಗಸ್ಟೀನನು ಕೊಟ್ಟ ಉತ್ತರ ವಿಲಕ್ಷಣವಾದುದು. ಅಧಿಕಾರವುಳ್ಳವರ ಆಜ್ಞೆಯಿಂದ ಸೈನಿಕನು ನ್ಯಾಯವಾದ ಯುದ್ಧದಲ್ಲಿ ಕಾದಬಹುದು. ಆದರೆ ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ಸಾಮಾನ್ಯ ಮನುಷ್ಯನು ಇನ್ನೊಬ್ಬನನ್ನು ಕೊಲ್ಲುವುದು ತನಗೆ ಸಮ್ಮತವಲ್ಲವೆಂದು ಆತನು ಪತ್ರವೊಂದರಲ್ಲಿ ಬರೆದನು. ನಾವು ಯುದ್ಧವನ್ನು ಹಳಿದು ಆತ್ಮರಕ್ಷಣೆಯನ್ನು ಒಪ್ಪುವವರು. ಆತನ ಎಣಿಕೆ ತಲೆಕೆಳಗು.

13ನೆಯ ಶತಮಾನದ ತೋಮಸ್ ಅಕ್ವಿನಾಸನು ಈ ಗಂಟನ್ನು ಸಡಿಲಿಸಿದನು. ಪ್ರಾಣರಕ್ಷಣೆಯೇ ಉದ್ದೇಶವಾಗಿದ್ದು, ಅವಶ್ಯಕ್ಕೆ ಮೀರಿದ ಬಲವನ್ನು ಬಳಸದಿದ್ದರೆ, ಎದುರಾಳಿಯು ಸತ್ತರೂ ದೋಷವಿಲ್ಲವೆಂಬುದು ಆತನ ಮತ. ಇದನ್ನು ಓದಿದಾಗ ನನಗೆ ಮಿತಾಕ್ಷರೆ ನೆನಪಾಯಿತು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ನಮ್ಮ ವಿಜ್ಞಾನೇಶ್ವರನು, ಆತತಾಯಿಯನ್ನು ವಿಚಾರಿಸದೆ ಕೊಲ್ಲಬಹುದೆಂಬ ಮನುವಚನವನ್ನು ಚರ್ಚಿಸುತ್ತಾನೆ. ಆತತಾಯಿಗಳಾದ ಬ್ರಾಹ್ಮಣಾದಿಗಳು, ಕೊಲ್ಲುವ ಸಂಕಲ್ಪವಿಲ್ಲದೆ ತಡೆಯುವಾಗ ಅಕಸ್ಮಾತ್ತಾಗಿ ಸತ್ತರೆ, ಲಘು ಪ್ರಾಯಶ್ಚಿತ್ತ ಸಾಕು, ರಾಜದಂಡವಿಲ್ಲವೆಂದು ಆತನ ನಿರ್ಣಯ. ಅಕ್ವಿನಾಸನಿಗಿಂತ ನೂರು ವರ್ಷಕ್ಕೂ ಹಿಂದಿನ ಮಾತಿದು. ಅಷ್ಟೊಂದು ಪ್ರಾಯಶ್ಚಿತ್ತವನ್ನಾದರೂ ಉಳಿಸಿಕೊಂಡ ನಮ್ಮವನ ಮನಸ್ಸೇ ಹೆಚ್ಚು ಸೂಕ್ಷ್ಮವೆಂದು ನನ್ನ ಅಭಿಪ್ರಾಯ, ಪಕ್ಷಪಾತವೆನ್ನುವವರು ಎನ್ನಲಿ.

ಇಂಥ ವಿನಾಯಿತಿಗಳನ್ನೆಲ್ಲ ಒಪ್ಪದ ಕ್ರೈಸ್ತರೂ ಉಂಟು. ಕ್ವೇಕರ್ ಪಂಥದವರು 1660ರಲ್ಲಿಯೇ ಆಂಗ್ಲ ದೊರೆಗೆ, ತಾವು ಯಾವ ಕಾರಣಕ್ಕೂ ಆಯುಧ ಹಿಡಿಯೆವೆಂದು ಬರೆದುಕೊಟ್ಟರು. 1916ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯದ ಸೈನ್ಯಸೇವೆ ಬಂದಾಗ ಅವರಲ್ಲಿ ಕೆಲವರು ಸೆರೆಮನೆಗೆ ಹೋದರು, ಕೆಲವರು ಬಂದೂಕಿಲ್ಲದೆ ರಣರಂಗದ ಗಾಯಾಳುಗಳನ್ನು ಹೊತ್ತರು.

ನನ್ನೊಡನೆ ಕೆಲಸಮಾಡಿದ ಕ್ರೈಸ್ತ ಉಪಾಧ್ಯಾಯರೊಬ್ಬರನ್ನು, ರಾತ್ರಿ ಮನೆಗೆ ಕಳ್ಳನು ನುಗ್ಗಿದರೆ ಏನು ಮಾಡುವಿರೆಂದು ಒಮ್ಮೆ ಕೇಳಿದೆನು. "ಶಾಸ್ತ್ರಿಗಳೇ, ನನ್ನ ಕೆನ್ನೆಯನ್ನು ತೋರೆಂದು ನನಗೆ ಅಪ್ಪಣೆಯಾಗಿದೆ. ಮಕ್ಕಳ ಕೆನ್ನೆಯನ್ನು ತೋರಲು ನನಗೆ ಅಧಿಕಾರವೆಲ್ಲಿಯದು?" ಎಂದರು. ಬಹಳ ಯುಕ್ತವಾದ ಉತ್ತರವೆಂದು ನಾನು ತಲೆದೂಗುತ್ತಿರಲು ಅವರೇ ತಡೆದು, "ಆದರೆ 1914ರಲ್ಲಿ ಎರಡೂ ಕಡೆಯ ಅರಸರು ಹೇಳಿದ್ದು ಇದನ್ನೇ ಅಲ್ಲವೆ?" ಎಂದು ನನ್ನನ್ನೇ ಕೇಳಿದರು.