ಕೆಂಬಾಳೆಯ ಸಿಪ್ಪೆ, ಅವ್ವನ ಸೆರಗು

ಏಪ್ರಿಲ್ ಬಂತೆಂದರೆ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೀದಿನಾಯಿಯೂ ನೆರಳು ಬಿಟ್ಟು ಕದಲುವುದಿಲ್ಲ. ಕಮಲಾಪುರದಿಂದ ದಿನವೂ ಬಸ್ಸಿನಲ್ಲಿ ನಗರದ ಕಾಲೇಜಿಗೆ ಹೋಗಿಬರುವ ಹುಡುಗಿಯೊಬ್ಬಳಿಗೆ ಬಿಸಿಲಿಗಿಂತ ಅವ್ವನ ಮುಖದ್ದೇ ಚಿಂತೆ. ಭೌಗೋಳಿಕ ಗುರುತು ಪಡೆದ ಊರಿನ ಕೆಂಬಾಳೆಯನ್ನು ಹೆದ್ದಾರಿಯ ಬದಿಗೆ ಕುಳಿತು ಮಾರುವ ಅವ್ವನ ಹಣೆ, ಕೆನ್ನೆ ಕಂದಿ ಚರ್ಮ ಸುಲಿಯುತ್ತಿತ್ತು. ಸನ್‌ಸ್ಕ್ರೀನ್ ಬೆಲೆ ಕೇಳಿದವಳೇ, "ಇಷ್ಟು ರೊಕ್ಕ ಮುಖಕ್ಕ ಬಳಕೊಳ್ಳಾದೇನು?" ಎಂದಿದ್ದಳು.

ಬುಟ್ಟಿಯ ಪಕ್ಕ ಬಿದ್ದ ಸಿಪ್ಪೆ ನೋಡಿ ಹುಡುಗಿಗೆ ಒಂದು ವಿಚಾರ ಹೊಳೆಯಿತು. ಗಿಡಕ್ಕೆ ಕೊಡೆಯಿಲ್ಲ, ನೆರಳಿಗೆ ಓಡಲು ಕಾಲಿಲ್ಲ. ಅದಕ್ಕೇ ಅದು ಎಲೆಯ ಹೊರಪದರದಲ್ಲಿ ಫ್ಲೇವನಾಯ್ಡ್‌ಗಳನ್ನು ಕೂಡಿಟ್ಟುಕೊಂಡು ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಬಾಳೆಯ ಸಿಪ್ಪೆಯಲ್ಲೂ ಇದೇ ಫೀನಾಲ್ ಬಳಗದ ವಸ್ತುಗಳಿವೆ. ಸಾರ ತೆಗೆದು ಹಚ್ಚಿದರಾಯಿತಲ್ಲ!

ಪ್ರಾಧ್ಯಾಪಕರು ನಗಲಿಲ್ಲ. ದಾರಿ ಹೇಳಿದರು: ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಆಲ್ಕೋಹಾಲಿನಲ್ಲಿ ನೆನೆಸಿ ಸೋಸಬೇಕು. ಆ ತಿಳಿ 290ರಿಂದ 320 ನ್ಯಾನೋಮೀಟರ್‌ವರೆಗಿನ ಕಿರಣವನ್ನು ಎಷ್ಟು ಹೀರುತ್ತದೆಂದು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಐದೈದು ನ್ಯಾನೋಮೀಟರಿಗೊಮ್ಮೆ ಅಳೆಯಬೇಕು. 1986ರಲ್ಲಿ ಬ್ರೆಜಿಲ್‌ನ ಮನ್ಸೂರ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಿಂದ ಎಸ್.ಪಿ.ಎಫ್. ಅಂದಾಜು ಸಿಗುತ್ತದೆ. ಅದು 30 ಇದ್ದರೆ, ಸರಿಯಾಗಿ ಹಚ್ಚಿಕೊಂಡಾಗ ಚರ್ಮ ಸುಡುವ ಕಿರಣಗಳಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ ಒಳಗಿಳಿಯುತ್ತದೆ.

"ಆದರೆ ನೋಡವ್ವಾ, ಇದು ಗಾಜಿನ ಪಾತ್ರೆಯ ಲೆಕ್ಕ. ಚರ್ಮದ ಮೇಲೆ ಬೆವರಿರುತ್ತದೆ. ಬಿಸಿಲಿಗೆ ಸಾರವೇ ಕೆಡಬಹುದು. 400 ನ್ಯಾನೋಮೀಟರ್‌ವರೆಗಿನ ಉಳಿದ ಕಿರಣಗಳ ಪರೀಕ್ಷೆ ಬೇರೆಯೇ. ಗಿಡದ್ದೆಂದ ಮಾತ್ರಕ್ಕೆ ನಿರಪಾಯವೂ ಅಲ್ಲ. ನಿಂಬೆರಸ ಮೆತ್ತಿಕೊಂಡು ಬಿಸಿಲಿಗೆ ಹೋದವರಿಗೆ ಬೊಬ್ಬೆ ಎದ್ದದ್ದುಂಟು."

ಅಂದು ಸಂಜೆ ಮನೆಗೆ ಬಂದರೆ, ಹಿಂದಿನ ರಾತ್ರಿ ಹುಡುಗಿಯೇ ಅರೆದಿಟ್ಟಿದ್ದ ಸಿಪ್ಪೆಯ ಬಟ್ಟಲು ಅವ್ವನ ಕೈಯಲ್ಲಿತ್ತು. "ನನ್ನ ಮಗಳು ಮಾಡಿದ್ದು. ನಾಳಿ ಹಚ್ಕೊಂಡೇ ಕೂಡ್ತೀನಿ."

ಹುಡುಗಿ ಬಟ್ಟಲು ಕಸಿದುಕೊಂಡಳು. "ಬ್ಯಾಡವ್ವಾ, ಇನ್ನಾ ಅಳದಿಲ್ಲ. ನಾಳಿ ಬುಟ್ಟಿ ಬೇವಿನ ಗಿಡದ ನೆರಳಿಗೆ ಇಡು. ಸೆರಗು ಹಣಿ ತನಕ ಎಳಕೋ."

"ಇಷ್ಟು ಹೇಳಲಾಕ ಕಾಲೇಜಿಗೆ ಹೋಗಬೇಕಿತ್ತೇನು?" ಅವ್ವ ನಕ್ಕಳು.

ಹೋಗಬೇಕಿತ್ತು. ನಂಬಿ ಮುಖವೊಡ್ಡಿದವರಿಗೆ "ಇನ್ನೂ ಅಳೆದಿಲ್ಲ" ಎಂದು ಹೇಳುವುದಕ್ಕೂ ಓದು ಬೇಕು.